ಸ್ಟ್ಯಾನಿಯ ಕಾಲಿನ ಕೆಳಗಿನ ದಿಂಬು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಗಾದೆ ಕಟ್ಟಿದವನು ಕಾಪುವಿಗೆ ಬಂದವನಲ್ಲ. ಬಂದು, ಲಿಗೋರಿ ಟೈಲರರ ಜಗಲಿಯಲ್ಲಿ ಒಂದು ಲೋಟ ಕಾಫಿ ಕುಡಿದಿದ್ದರೆ, ‘ದಿಂಬು ಇದ್ದಷ್ಟು ಕಾಲು ಮಡಚು’ ಎಂದು ತಿದ್ದಿಕೊಂಡು ಹೋಗುತ್ತಿದ್ದ. ಇದು ನಡೆದ ಕಥೆ. ನಂಬದವರು ಕಾಪುವಿನ ದೀಪಸ್ತಂಭವನ್ನು ಕೇಳಬಹುದು. ಊರಿನ ಎಲ್ಲ ಸಂಗತಿಯನ್ನೂ ಅದು ಮೇಲಿನಿಂದ ನೋಡಿದೆ. ಕಣ್ಣು ಮಿಟುಕಿಸದೆ ಸತ್ಯ ಹೇಳಲು ಮಾತ್ರ ನನ್ನ ಹಾಗೆ ಅದಕ್ಕೂ ಬರುವುದಿಲ್ಲ.

ಆಗಿನ್ನೂ ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ರೈಲು ನೋಡಬೇಕಾದವರು ಮಂಗಳೂರಿಗೆ ಹೋಗಬೇಕಿತ್ತು. ಲಿಗೋರಿಯವರ ಹೆಂಡತಿ ಮ್ಯಾಗ್ಡಲಿನ್‌ಬಾಯಿ ಅಲ್ಲಿಗೂ ಹೋದವರಲ್ಲ. ಅವರ ಪ್ರಪಂಚ ಒಂದು ಕಡೆ ಉಡುಪಿ, ಇನ್ನೊಂದು ಕಡೆ ಉಚ್ಚಿಲ, ನಡುವೆ ಪಾದ್ರಿಗಳ ಇಗರ್ಜಿ. ಇಂಥ ಮನೆಯ ಹಿರಿಮಗ ಸ್ಟ್ಯಾನಿಸ್ಲಾಸ್ ಬೊಂಬಾಯಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರನಾಗಿದ್ದ. ಅವನು ರೈಲಿಗೆ ಸಿಕ್ಕಿದ ಎಂದು ತಂತಿ ಬಂದಾಗ ತಾಯಿ ಅಳುವುದಕ್ಕೆ ಮೊದಲು ಕೇಳಿದ ಪ್ರಶ್ನೆ ಒಂದೇ:

“ಅವನ ಕೈಯಲ್ಲಿ ಕೊಡೆ ಇರಲಿಲ್ಲವಾ? ಎತ್ತಿ ತೋರಿಸಿದ್ದರೆ ನಿಲ್ಲಿಸುತ್ತಿದ್ದನಲ್ಲ?”

ನಗಬೇಡಿ. ಕಾಪುವಿನಲ್ಲಿ ಕೊಡೆ ಎತ್ತಿದರೆ ಎಂಥ ಬಸ್ಸೂ ನಿಲ್ಲುತ್ತಿತ್ತು. ಮತ್ತು ಸ್ಟ್ಯಾನಿ ಮಾಡಿದ ತಪ್ಪೂ ಅದೇ ಜಾತಿಯದು. ನಮ್ಮಲ್ಲಿ ಒಂದು ಬಸ್ಸು ಹೋಯಿತೆಂದರೆ ಅದರ ಧೂಳು ಇಳಿದು, ನಾಯಿ ರಸ್ತೆಯ ನಡುವೆ ಮಲಗಿ, ಎದ್ದು ಮೈ ಕೊಡವಿಕೊಳ್ಳುವವರೆಗೆ ಇನ್ನೊಂದು ಬರುವುದಿಲ್ಲ. ಬಸ್ಸಿನ ಹಿಂದೆಯೇ ರಸ್ತೆ ದಾಟುವುದು ಇಲ್ಲಿ ಹುಟ್ಟಿದವರ ಕಾಲಿಗೆ ಅಂಟಿದ ಬುದ್ಧಿ. ಬೊಂಬಾಯಿಯಲ್ಲಿ, ಬೆಳಗ್ಗೆ ಕೆಲಸಕ್ಕೆ ಹೋಗುವ ಅವಸರದಲ್ಲಿ, ಸೇತುವೆ ಹತ್ತುವುದನ್ನು ಬಿಟ್ಟು ಅವನು ಹಳಿಗೆ ಇಳಿದ. ಒಂದು ಗಾಡಿ ಹೋಯಿತು. ದಾರಿ ಖಾಲಿಯಾಯಿತು ಎಂದುಕೊಂಡು ಅದರ ಬೆನ್ನಿಗೇ ಹೆಜ್ಜೆ ಹಾಕಿದ. ಪಕ್ಕದ ಹಳಿಯಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಬರುತ್ತಿತ್ತು. ಹೋಗುವ ಗಾಡಿಯ ಸದ್ದಿನಲ್ಲಿ ಬರುವ ಗಾಡಿಯ ಸದ್ದು ಮುಚ್ಚಿಹೋಗಿತ್ತು.

ಬಲಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಗೆ ತುಂಡಾಗಿ ಹೋಯಿತು. ಜೀವ ಉಳಿಯಿತು. ಬೊಂಬಾಯಿಯ ಆಸ್ಪತ್ರೆಯಲ್ಲಿ ಗಾಯ ಮಾಯ್ದ ಮೇಲೆ ಜೊತೆಗಿದ್ದ ಊರಿನ ಹುಡುಗರು ಅವನನ್ನು ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕರೆತಂದು, ಕಾಪು ಪೇಟೆಯಿಂದ ಮನೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಕಾಲ ಕೆಟ್ಟಿತು ಎಂದು ಊರವರು ಹೇಳುತ್ತಿದ್ದ ದಿನಗಳವು. ಲಿಗೋರಿಯವರ ಮನೆಯಲ್ಲಿ ಕಾಲೇ ಕೆಟ್ಟಿತ್ತು.

ಮ್ಯಾಗ್ಡಲಿನ್‌ಬಾಯಿ ಅಂದೇ ಪೆಟ್ಟಿಗೆ ತೆರೆದು ಒಂದು ದಿಂಬು ತೆಗೆದರು. ಸ್ಟ್ಯಾನಿ ಹೊಟ್ಟೆಯಲ್ಲಿದ್ದಾಗ ಹಿತ್ತಿಲಿನ ಬೂರುಗದ ಹತ್ತಿಯನ್ನು ತಾವೇ ಬಿಡಿಸಿ, ಪರಿಮಳಕ್ಕೆಂದು ಲಾವಂಚದ ಬೇರು ಸೇರಿಸಿ ತುಂಬಿದ ದಿಂಬು. ಬಿಷಪರು ಬಂದರೆ ಕೊಡಲಿಕ್ಕೆ ಎಂದು ಇಟ್ಟದ್ದು, ಬಿಷಪರು ಬಂದಿರಲಿಲ್ಲ. ಅದನ್ನು ಮಗನ ಮೊಂಡುಗಾಲಿನ ಕೆಳಗೆ, ಮೊಣಕಾಲಿಗೆ ಸರಿಯಾಗಿ ಇಟ್ಟರು.

“ಈಗ ಹೇಗುಂಟು ಪುತಾ?”

“ಹಾಯಾಗುಂಟು ಮಾಯ್.”

“ನೋಡು. ಆಸ್ಪತ್ರೆಯವರಿಗೆ ಇದು ಗೊತ್ತಾಗಲಿಲ್ಲ.”

ಇಲ್ಲದ ಹೆಬ್ಬೆರಳು ಅವನಿಗೆ ಆಗಾಗ ತುರಿಸುತ್ತಿತ್ತು. ಹಾಗೆ ಹೇಳಲು ನಾಚಿಕೆಪಟ್ಟು ಹಲ್ಲು ಕಚ್ಚಿ ಮಲಗಿರುತ್ತಿದ್ದ. ತಾಯಿ ಕೇಳಿ ತಿಳಿದುಕೊಂಡರು. “ಎಲ್ಲಿ? ಇಲ್ಲಿಯಾ?” ಎಂದು ಬರಿಯ ಚಾದರದ ಮೇಲೆ ಉಗುರಿನಿಂದ ಗೀರಿದರು. “ಸ್ವಲ್ಪ ಈಚೆ. ಹಾಂ, ಅಲ್ಲಿ,” ಎಂದು ಸ್ಟ್ಯಾನಿ ಕಣ್ಣು ಮುಚ್ಚಿದ. ಅದು ಹೇಗೆ ಹಿತವಾಯಿತೋ ದೇವರಿಗೇ ಗೊತ್ತು, ಆದರೆ ಹಿತವಾಯಿತು.

ಅವನ ಮದುವೆ ಕಾರ್ಕಳದ ರೊಸಾರಿಯೊ ಅವರ ಮಗಳು ರೋಸಿಯ ಜೊತೆ ನಿಶ್ಚಯವಾಗಿತ್ತು. ಅವಳ ಹೆಸರು ಎತ್ತಿದರೆ ಅವನು ಗೋಡೆಗೆ ಮುಖ ತಿರುಗಿಸುತ್ತಿದ್ದ. ಒಮ್ಮೆ ಮಾತ್ರ ಹೇಳಿದ: “ಇಗರ್ಜಿಯ ಬಾಗಿಲಿನಿಂದ ಆಲ್ತಾರಿನವರೆಗೆ ಎರಡು ಕಾಲಿನಲ್ಲಿ ನಡೆದರೆ ಮದುವೆ. ಇಲ್ಲದಿದ್ದರೆ ಅವಳನ್ನು ಬಿಟ್ಟುಬಿಡಿ.” ಪೂನಾದಲ್ಲಿ ಮರದ ಕಾಲು ಮಾಡಿ ಕಟ್ಟಿ ನಡೆಸುತ್ತಾರೆ ಎಂದು ಅವನು ಬೊಂಬಾಯಿಯಲ್ಲೇ ಕೇಳಿದ್ದ. ಮಣಿಪಾಲದ ಡಾಕ್ಟರರು ನೋಡಿ ಬರೆದುಕೊಟ್ಟರೆ ಅಲ್ಲಿಗೆ ಹೋಗುವುದೆಂದು ಮನೆಯಲ್ಲಿ ಎಣಿಸಿಕೊಂಡಿದ್ದರು.

ಸ್ವಲ್ಪ ದಿನ ಬಿಟ್ಟು, ಬಾಡಿಗೆ ಕಾರಿನಲ್ಲಿ ಅವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಕಿರಿಮಗ ಲಿಯೋನೆಲ್ ಉಡುಪಿಯಲ್ಲಿ ಕಾಲೇಜು ಕಲಿಯುತ್ತಿದ್ದವನು, ತರಗತಿ ತಪ್ಪಿಸಿ ಜೊತೆಗೆ ಬಂದ. ಬ್ಯಾಂಡೇಜು ಬಿಚ್ಚುವುದನ್ನು ನೋಡಲಾರೆ ಎಂದು ಮ್ಯಾಗ್ಡಲಿನ್‌ಬಾಯಿ ಹೊರಗಿನ ಬೆಂಚಿನಲ್ಲಿ ಜಪಸರ ಹಿಡಿದು ಕುಳಿತರು. ಒಳಗೆ ಡಾಕ್ಟರ್ ಮಧ್ವರಾಜರು ಗಾಯದ ಕಲೆ ನೋಡಿ ತಲೆದೂಗಿದರು. ಕಾಲನ್ನು ನೆಟ್ಟಗೆ ಮಾಡಲು ಹೇಳಿದರು. ಅದು ನೆಟ್ಟಗಾಗಲಿಲ್ಲ. ಮೊಣಕಾಲು ಕುಡುಗೋಲಿನ ಹಾಗೆ ಬಾಗಿತ್ತು.

“ಇದರ ಕೆಳಗೆ ದಿಂಬು ಇಡುತ್ತೀರಾ?”

“ಅವನ ತಾಯಿ ಇಡುತ್ತಾಳೆ,” ಎಂದರು ಲಿಗೋರಿ.

“ಇವತ್ತಿನಿಂದಲೇ ತೆಗೆಯಿರಿ. ಮಲಗಿದಲ್ಲೇ ಕೀಲು ಹಿಡಿದುಕೊಂಡಿದೆ. ಮಡಚಿದ ಮೊಣಕಾಲಿಗೆ ಯಾರೂ ಕಾಲು ಕಟ್ಟಲಾರರು, ತಿಳಿಯಿತಲ್ಲ? ದಿನಕ್ಕೆ ನಾಲ್ಕು ಸಲ ಕವುಚಿ ಮಲಗಿಸಿ. ಮೊಣಕಾಲನ್ನು ಹಾಸಿಗೆಗೆ ಒತ್ತಿಸಿ. ಈಗಿನ್ನೂ ಎಳೆಯ ಬಾಗು. ಕ್ರಿಸ್ಮಸ್ಸಿನೊಳಗೆ ನೆಟ್ಟಗಾದರೆ ಪೂನಾಕ್ಕೆ ಬರೆಯುತ್ತೇನೆ. ಗಟ್ಟಿಯಾಯಿತೆಂದರೆ ಊರುಗೋಲೇ ಗತಿ. ತಿಳಿಯಿತಲ್ಲ?”

ಹೊರಗೆ ಬಂದಾಗ ಮ್ಯಾಗ್ಡಲಿನ್‌ಬಾಯಿ ಎದ್ದು ನಿಂತರು. “ಎಂತ ಹೇಳಿದರು?”

ಲಿಯೋನೆಲ್ ಬಾಯಿ ತೆರೆದ. ಲಿಗೋರಿ ಅವನ ತೋಳು ಹಿಡಿದರು. “ದಿಂಬು ಬೇಡವಂತೆ,” ಎಂದಷ್ಟೇ ಹೇಳಿದರು.

“ಬೇಡವಂತೆ! ಆ ಡಾಕ್ಟರಿಗೆ ಮಕ್ಕಳುಂಟಾ?”

ಮನೆಗೆ ಬಂದು ಮಗನನ್ನು ಮಲಗಿಸಿ, ದಿಂಬನ್ನು ತಟ್ಟಿ ಉಬ್ಬಿಸಿ ಮತ್ತೆ ಅಲ್ಲೇ ಇಟ್ಟರು.

ಮನೆಯ ಮಗಳು ಪ್ರೆಸಿಲ್ಲಾ ಶಾಲೆಯ ಟೀಚರು. ದನಿ ಏರಿಸದೆ ಗದರಿಸಲು ಬರುವವಳು. ಅಪ್ಪನಿಂದ ವಿಷಯ ತಿಳಿದ ಮೇಲೆ ಅವಳು ಶಾಲೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಅಣ್ಣನನ್ನು ಕವುಚಿ ಮಲಗಿಸಿ ವ್ಯಾಯಾಮ ಮಾಡಿಸತೊಡಗಿದಳು. ಅವಳು ದಿಂಬು ತೆಗೆದು ಮೂಲೆಗೆ ಇಡುವುದು. ಬಾವಿಯಿಂದ ನೀರು ತರುವಷ್ಟರಲ್ಲಿ ತಾಯಿ ಅದನ್ನು ಮರಳಿ ಕಾಲಿನ ಕೆಳಗೆ ಸೇರಿಸುವುದು. ಬೂತಾಯಿ ಮೀನಿನ ಸಾರಿನ ಮುಂದೆ ಈ ಜಗಳ ಒಂದು ಮಧ್ಯಾಹ್ನ ಸ್ಫೋಟವಾಯಿತು.

“ಮಾಯ್, ದಿಂಬು ಬೇಡವೆಂದು ಡಾಕ್ಟರು ಹೇಳಿದ್ದು ಕನ್ನಡದಲ್ಲಿಯೇ ಅಲ್ವಾ? ನಿಮಗೆ ಎಂತ ಅರ್ಥವಾಗಲಿಲ್ಲ?”

“ನೀನು ನನಗೆ ಪಾಠ ಮಾಡಬೇಡ. ನನ್ನ ಮಗ ನರಳುವುದನ್ನು ನಾನು ಕೇಳಬೇಕು, ನೀನು ಶಾಲೆಯಲ್ಲಿ ಕೂತು ಮಗ್ಗಿ ಹೇಳಿಸುತ್ತೀ.”

“ನರಳಲಿ!”

“ಕೇಳಿತಾ?” ಅವರು ಗಂಡನ ಕಡೆ ತಿರುಗಿದರು. “ನರಳಲಿ ಅಂತೆ. ರೈಲಿಗೆ ಕರುಣೆ ಇರಲಿಲ್ಲ, ಇವಳಿಗೂ ಇಲ್ಲ.”

“ನಿಮ್ಮ ಆ ದಿಂಬಿನಿಂದಲೇ...”

“ಪ್ರೆಸಿ,” ಎಂದರು ಲಿಗೋರಿ. “ಉಪ್ಪಿನಕಾಯಿ ತಾ.”

ಉಪ್ಪಿನಕಾಯಿ ಅವರ ತಟ್ಟೆಯ ಪಕ್ಕದಲ್ಲೇ ಇತ್ತು. ಪ್ರೆಸಿಲ್ಲಾ ಎದ್ದು ಹೋದಳು. ಅಪ್ಪ ಅಡುಗೆಮನೆಗೆ ಹಿಂಬಾಲಿಸಿ ಮೆಲ್ಲಗೆ ಹೇಳಿದರು: “ಅವಳಿಗೆ ಕಾರಣ ಹೇಳಬೇಡ ಮಗಾ. ಅರ್ಧ ಕಾಲನ್ನು ರೈಲು ತೆಗೆಯಿತು, ಉಳಿದದ್ದನ್ನು ನಾನು ಕೆಡಿಸಿದೆ ಎಂದು ಸಾಯುವವರೆಗೆ ಎದೆ ಬಡಿದುಕೊಳ್ಳುತ್ತಾಳೆ.”

“ಹಾಗಾದರೆ ಅವನು ಸಾಯುವವರೆಗೆ ಕುಂಟಲಾ ಪಪ್ಪಾ? ಇದೆಂಥ ನ್ಯಾಯ?”

ಲಿಗೋರಿ ಹೆಂಡತಿಯ ಮಾತಿಗೆ ಎದುರಾಡಿದ್ದನ್ನು ಮಕ್ಕಳು ಕಂಡದ್ದೇ ಇಲ್ಲ. ಟೈಲರಿಗೆ ಅಳತೆ ಕೊಟ್ಟವರ ಮಾತೇ ಕೊನೆಯದು ಎಂದು ಅವರ ನಂಬಿಕೆ. ಕೈ ತೊಳೆದು ಹೊಲಿಗೆ ಯಂತ್ರದ ಮುಂದೆ ಕುಳಿತು, ಯಾರದೋ ಕೋಟಿನ ಅಂಚಿನಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚತೊಡಗಿದರು. ಬಿಚ್ಚುತ್ತ ಬಿಚ್ಚುತ್ತ ಕೈ ನಿಂತಿತು.

ಮ್ಯಾಗ್ಡಲಿನ್‌ಬಾಯಿ ಪ್ರತಿ ಬೆಳಗ್ಗೆ ಪೂಜೆಗೆ ಇಗರ್ಜಿಗೆ ಹೋಗುತ್ತಿದ್ದರು. ಮರುದಿನ ಅವರ ಕೊಡೆಯ ತುದಿ ಬೇಲಿಯಾಚೆ ಮರೆಯಾದದ್ದೇ ಲಿಗೋರಿ ಮಗನ ಕೋಣೆಗೆ ಬಂದರು. ದಿಂಬಿನ ಒಂದು ಅಂಚನ್ನು ಬ್ಲೇಡಿನಿಂದ ಬಿಡಿಸಿ, ಒಂದು ಹಿಡಿ ಹತ್ತಿ ತೆಗೆದು, ಅದೇ ತೂತಿಗೆ ಅದೇ ನೂಲು ಹಾಕಿ ಹೊಲಿದರು. ಕೊನೆಗೆ ಅವರ ಅಭ್ಯಾಸದಂತೆ ಮೂರು ಹೊಲಿಗೆ ಹಿಂದಕ್ಕೆ.

“ನೋವಾಗುತ್ತದಾ?” ಎಂದು ಮಗನನ್ನು ಕೇಳಿದರು.

“ಆಗುತ್ತದೆ ಪಪ್ಪಾ.”

“ಹೇಳಬೇಡ.”

ಲಿಯೋನೆಲ್ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತು ಎಲ್ಲ ನೋಡಿದ. “ಪಪ್ಪಾ, ಆ ಹತ್ತಿಯನ್ನು ಎಲ್ಲಿ ಇಡುತ್ತೀರಿ? ಒಲೆಗೆ ಹಾಕಿದರೆ ಮಾಯ್‌ಗೆ ವಾಸನೆ ಬರುತ್ತದೆ. ಹಿತ್ತಿಲಿಗೆ ಎಸೆದರೆ ಕೋಳಿ ಎಳೆದು ತರುತ್ತದೆ.”

ನಿಜ. ಆ ಮನೆಯಲ್ಲಿ ಮ್ಯಾಗ್ಡಲಿನ್‌ಬಾಯಿಯ ಕಣ್ಣಿಗೆ ಬೀಳದ ಜಾಗ ಒಂದೇ ಇತ್ತು: ಅವರ ತಲೆಯ ಕೆಳಗೆ. ಲಿಗೋರಿ ಒಂದು ಕ್ಷಣ ಯೋಚಿಸಿ, ಹೆಂಡತಿಯ ದಿಂಬಿನ ಅಂಚು ಬಿಡಿಸಿ ಆ ಹಿಡಿಯನ್ನು ಅದರೊಳಗೆ ತುರುಕಿದರು.

ಹೀಗೆ ಎರಡು ದಿನಕ್ಕೊಂದು ಹಿಡಿ. ಮಗನ ದಿಂಬು ಇಳಿಯಿತು, ತಾಯಿಯ ದಿಂಬು ಏರಿತು. ಲಿಯೋನೆಲ್‌ಗೆ ಕಾವಲಿನ ಕೆಲಸ. ಅವನು ಯಾರ ದನಿ ಬೇಕಾದರೂ ಮಾಡಬಲ್ಲವನು. ತಾಯಿ ಬೇಗ ಮರಳಿದ ದಿನ ಪಾದ್ರಿಗಳ ಗಂಟಲಿನಲ್ಲಿ ಜಗಲಿಯಿಂದ ಲತೀನಿನಲ್ಲಿ ಹಾಡುತ್ತಿದ್ದ. ಅದು ಒಳಗಿನವರಿಗೆ ಎಚ್ಚರಿಕೆ. “ದೇವರ ಹಾಡನ್ನು ಅಣಕಿಸಬೇಡ, ನಾಲಗೆಗೆ ಹುಳ ಬೀಳುತ್ತದೆ,” ಎಂದು ಬೈಯುತ್ತ ಮ್ಯಾಗ್ಡಲಿನ್‌ಬಾಯಿ ಅಂಗಳದಲ್ಲಿ ನಿಂತಷ್ಟು ಹೊತ್ತಿನಲ್ಲಿ ಕೊನೆಯ ಮೂರು ಹೊಲಿಗೆ ಮುಗಿದಿರುತ್ತಿತ್ತು.

ದಿಂಬು ಚಪ್ಪಟೆಯಾಗುತ್ತಿರುವುದು ಅವರಿಗೆ ಕಾಣದೆ ಇರಲಿಲ್ಲ. ಕಂಡಿತು, ಹಿಗ್ಗಿದರು.

“ನೋಡಿ, ನೋಡಿ! ಕಾಲಿಗೆ ತೂಕ ಬಂದಿದೆ. ದಿಂಬು ಹೇಗೆ ಅಮುಕಿಹೋಗಿದೆ! ಬಂಗುಡೆ ಮೀನು ತಿನ್ನಿಸಿದ್ದು ವ್ಯರ್ಥವಾಗಲಿಲ್ಲ.” ಅಂದಿನಿಂದ ಸ್ಟ್ಯಾನಿಯ ತಟ್ಟೆಗೆ ಎರಡು ಬಂಗುಡೆ. ಒಂದು ಕಾಲಿನವನಿಗೆ ಎರಡು ಕಾಲಿನ ಊಟ ಎಂದು ಲಿಯೋನೆಲ್ ಗೊಣಗಿದರೆ, ತಲೆಯ ಭಾಗ ಅವನ ಪಾಲಿಗೆ.

ಇನ್ನೊಂದು ಗುರುತೂ ಸಿಕ್ಕಿತು. ಹೆಬ್ಬೆರಳು ತುರಿಸಿದಾಗ ತಾಯಿ ಎಂದಿನ ಜಾಗದಲ್ಲಿ ಗೀರಿದರು.

“ಅಲ್ಲಲ್ಲ ಮಾಯ್. ಕೆಳಗೆ. ಇನ್ನೂ ಕೆಳಗೆ.”

“ಇಲ್ಲಿಯಾ? ಮೊನ್ನೆ ಇಷ್ಟು ಕೆಳಗೆ ಇರಲಿಲ್ಲವಲ್ಲ?”

ಬಾಗು ಬಿಟ್ಟ ಕಾಲಿನ ಇಲ್ಲದ ಬೆರಳು ಹಾಸಿಗೆಯ ಮೇಲೆ ಮುಂದಕ್ಕೆ ಸರಿದಿತ್ತು. ಪ್ರೆಸಿಲ್ಲಾ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಆದರೆ ವ್ಯಾಯಾಮದ ಹೊತ್ತಿಗೆ ಮೊಣಕಾಲಿನ ಅಡಿಗೆ ಕೈ ತೂರಿಸಿ ನೋಡಿದರೆ ಇನ್ನೂ ಒಂದು ಮುಷ್ಟಿ ಸಂದು ಇತ್ತು. ಕ್ರಿಸ್ಮಸ್ಸು ಹತ್ತಿರ ಬರುತ್ತಿತ್ತು.

ಕಾರ್ಕಳದಿಂದ ರೊಸಾರಿಯೊ ಬಂದದ್ದು ಆ ವಾರ. ಜೊತೆಗೆ ರೋಸಿ. ಕೈಯಲ್ಲಿ ಒಂದು ಗೋಣಿ ಗೆಣಸು.

“ಸಂಬಂಧ ಬಿಟ್ಟಿದ್ದೇನೆ ಎಂದು ಎಣಿಸಬೇಡಿ,” ಎಂದರು ರೊಸಾರಿಯೊ, ಕುರ್ಚಿಯ ತುದಿಯಲ್ಲಿ ಕುಳಿತು. “ಆದರೆ ಊರವರು ಕೇಳುತ್ತಾರೆ. ನಿಂತುಕೊಳ್ಳುತ್ತಾನಾ, ದುಡಿಯುತ್ತಾನಾ ಎಂದು. ನಾನು ಎಂತ ಹೇಳಲಿ?”

“ಹೇಳಿ, ಕಾಲಿಗೆ ತೂಕ ಬಂದಿದೆ ಎಂದು ಹೇಳಿ,” ಎಂದರು ಮ್ಯಾಗ್ಡಲಿನ್‌ಬಾಯಿ. “ಬನ್ನಿ, ದಿಂಬು ನೋಡಿ. ಹೀಗೆ ಎತ್ತರ ಇದ್ದದ್ದು ಈಗ ನೀರುದೋಸೆ.”

ರೊಸಾರಿಯೊ ದಿಂಬು ನೋಡಿ ಗಂಭೀರವಾಗಿ ತಲೆಯಾಡಿಸಿದರು. ಲಿಗೋರಿ ಕೆಮ್ಮಿದರು. ಸ್ಟ್ಯಾನಿ ಗೋಡೆ ನೋಡುತ್ತಿದ್ದ. ಹಿರಿಯರು ಊಟಕ್ಕೆ ಎದ್ದಾಗ ರೋಸಿ ಹಿಂದೆ ಉಳಿದಳು.

“ಕಾಲು ಬೇಕೆಂದು ನಾನು ಕೇಳಿದೆನಾ?”

“ನೀನು ಕೇಳಲಿಲ್ಲ. ನಾನು ಕೇಳಿಕೊಂಡೆ.”

“ಸರಿ. ನಿನ್ನ ಕಾಲು ನೆಟ್ಟಗಾಗುವಾಗ ಮುಖವನ್ನೂ ಸ್ವಲ್ಪ ಈಚೆ ತಿರುಗಿಸಿಕೋ ಮಾರಾಯ. ಅದೂ ಹಿಡಿದುಕೊಂಡಿದೆ.”

ಅವಳು ಹೋದ ಮೇಲೆ ಸ್ಟ್ಯಾನಿ ತಾನಾಗಿಯೇ ಪ್ರೆಸಿಲ್ಲಾಳನ್ನು ಕರೆದ. “ಇನ್ನೊಮ್ಮೆ ಒತ್ತು,” ಎಂದ. ಒತ್ತಿದಾಗ ದಿಂಬಿನ ಚೀಲ ಕಚ್ಚಿಕೊಂಡು ಕೂಗದೆ ಉಳಿದ.

ಎರಡನೆಯ ಸಲ ಮಣಿಪಾಲಕ್ಕೆ ಹೋದಾಗ ಡಾಕ್ಟರರು ಅರ್ಧ ಬಾಗು ಹೋಗಿದೆ ಎಂದರು. ಉಳಿದರ್ಧವೇ ಕಷ್ಟದ್ದು ಎಂದೂ ಹೇಳಿದರು. ಪೂನಾಕ್ಕೆ ಹೋಗುವುದಾದರೆ ಜೊತೆಗೆ ಮನೆಯವರೊಬ್ಬರು ಬೇಕು. ಮನೆಯಲ್ಲಿ ಅದರ ಚರ್ಚೆ ಗಂಜಿ ಆರುವವರೆಗೆ ನಡೆಯಿತು. ಲಿಗೋರಿಯವರಿಗೆ ಮದುವೆ ಕಾಲದ ಹೊಲಿಗೆ, ಲಿಯೋನೆಲ್‌ಗೆ ಪರೀಕ್ಷೆ, ಪ್ರೆಸಿಲ್ಲಾಗೆ ಶಾಲೆ.

“ನಾನು ಹೋಗುತ್ತೇನೆ,” ಎಂದರು ಮ್ಯಾಗ್ಡಲಿನ್‌ಬಾಯಿ.

ಸ್ಟ್ಯಾನಿಯ ಕೈಯಿಂದ ಚಮಚ ಬಿತ್ತು. “ನೀವಾ? ನಿಮಗೆ ರೈಲು ಅಂದರೆ ಎಂತ ಎಂದು ಗೊತ್ತುಂಟಾ ಮಾಯ್?”

“ದೊಡ್ಡ ಬಸ್ಸು.”

“ಬಸ್ಸಲ್ಲ! ಹಾಗೆ ಎಣಿಸಿಯೇ ನಾನು...” ಅವನು ನಿಲ್ಲಿಸಿ ಉಸಿರು ಎಳೆದುಕೊಂಡ. “ನಾಳೆ ಅಂಗಳಕ್ಕೆ ಬನ್ನಿ. ಕಲಿಸದೆ ನಿಮ್ಮನ್ನು ಸ್ಟೇಷನ್ನಿಗೆ ಬಿಡುವುದಿಲ್ಲ.”

ಮರುದಿನ ಸಂಜೆ ಅಂಗಳದಲ್ಲಿ ಬಾವಿಹಗ್ಗ ಬಿಚ್ಚಿ ಎರಡು ಜೊತೆ ಹಳಿ ಹಾಸಿದರು. ಸ್ಟ್ಯಾನಿ ಜಗಲಿಯ ಕುರ್ಚಿಯಲ್ಲಿ, ಊರುಗೋಲನ್ನು ಬಾವುಟದಂತೆ ಹಿಡಿದು. ರೈಲಿನ ಪಾತ್ರ ಲಿಯೋನೆಲ್‌ನದು. ಅವನು ಬಾಯಲ್ಲಿ ಹೊಗೆಗಾಡಿಯನ್ನೇ ತುಂಬಿಕೊಂಡವನಂತೆ ಹಬೆ ಬಿಟ್ಟ, ಸಿಳ್ಳೆ ಹಾಕಿದ. ಪಕ್ಕದ ಮನೆಯ ಮೋಹಿನಿಬಾಯಿಯ ಹಸು ಹಗ್ಗ ಕಿತ್ತುಕೊಂಡು ಓಡಿತು.

“ಮೊದಲನೆಯದು,” ಎಂದ ಸ್ಟ್ಯಾನಿ. “ಹಳಿಗೆ ಇಳಿಯಲೇಬಾರದು. ಸೇತುವೆ ಉಂಟು, ಮೆಟ್ಟಿಲು ಉಂಟು. ಎಷ್ಟು ಹೊತ್ತಾದರೂ ಅದರಲ್ಲೇ.”

“ನಿನಗೆ ಮೆಟ್ಟಿಲು ಹೇಗೆ ಪುತಾ?”

“ಕೂತು ಏರುತ್ತೇನೆ. ಎರಡನೆಯದು: ಗೇಟು ಇರುವಲ್ಲಿ ದಾಟಲೇಬೇಕಾದರೆ, ಒಂದು ಗಾಡಿ ಹೋದ ಕೂಡಲೇ ಹೊರಡಬಾರದು. ನಿಲ್ಲಬೇಕು. ಬಲಕ್ಕೆ ನೋಡಬೇಕು, ಎಡಕ್ಕೆ ನೋಡಬೇಕು. ಒಂದರ ಹಿಂದೆ ಇನ್ನೊಂದು ಅಡಗಿರುತ್ತದೆ. ಕೊಡೆ ಎಂತಕ್ಕೆ ಎತ್ತುತ್ತೀರಿ?”

“ಅವನಿಗೆ ಕಾಣಲಿ ಎಂದು.”

“ಕಂಡರೂ ಅವನಿಂದಾಗುವುದಿಲ್ಲ ಮಾಯ್. ಇಗರ್ಜಿಯ ಹತ್ತಿರ ಬ್ರೇಕು ಹಾಕಿದರೆ ಪೇಟೆ ದಾಟಿದ ಮೇಲೆ ನಿಲ್ಲುವಂಥದ್ದು ಅದು. ನಿಲ್ಲಬೇಕಾದದ್ದು ನಾವು. ಕೊಡೆ ಇಳಿಸಿ.”

ಮ್ಯಾಗ್ಡಲಿನ್‌ಬಾಯಿ ಕೊಡೆ ಇಳಿಸಿದರು. ಲಿಯೋನೆಲ್ ಬಲದಿಂದ ಅಬ್ಬರಿಸುತ್ತ ಬಂದು ಹಾದುಹೋದ. ಅವರು ನಿಂತರು. ಬಲಕ್ಕೆ ನೋಡಿದರು. ಎಡಕ್ಕೆ ತಿರುಗಹೋಗಿ ಮುಖ ಕಿವುಚಿಕೊಂಡು, ಹಾಗೆಯೇ ಹೆಜ್ಜೆ ಇಟ್ಟುಬಿಟ್ಟರು. ಆ ಹೊತ್ತಿಗೆ ಬಾವಿಯ ಹಿಂದಿನಿಂದ ಸುತ್ತಿ, ಬರಿಗಾಲಿನಲ್ಲಿ, ಸದ್ದಿಲ್ಲದೆ ಎರಡನೆಯ ಗಾಡಿಯಾಗಿ ಓಡಿ ಬಂದ ಲಿಯೋನೆಲ್‌ನ ಭುಜ ಅವರಿಗೆ ತಗಲಿತು. ಅವರು ಹಗ್ಗದ ಮೇಲೆ ಕುಳಿತುಬಿಟ್ಟರು.

ಸ್ಟ್ಯಾನಿ ಕಿರುಚಿದ. ಆಟದ ಕಿರುಚಲ್ಲ ಅದು. ಕುರ್ಚಿಯಿಂದ ಎದ್ದುಬಿಟ್ಟಿದ್ದ, ಪ್ರೆಸಿಲ್ಲಾ ಹಿಡಿದು ಕೂರಿಸದಿದ್ದರೆ ಬೀಳುತ್ತಿದ್ದ.

“ಹಾಗೆಯೇ! ಹಾಗೆಯೇ ಆದದ್ದು ನನಗೆ. ಆಚೆ ನೋಡಲಿಲ್ಲ. ಆಚೆ ಮುಖ ತಿರುಗಿಸಿದ್ದರೆ ಸಾಕಿತ್ತು. ನೀವೂ ನೋಡಲಿಲ್ಲವಲ್ಲ ಮಾಯ್!”

ಅಪಘಾತದ ಬಗ್ಗೆ ಅವನು ಮನೆಯಲ್ಲಿ ಆಡಿದ ಮೊದಲ ಮಾತು ಅದು. ಮ್ಯಾಗ್ಡಲಿನ್‌ಬಾಯಿ ಎದ್ದು, ಸೀರೆಯ ಮಣ್ಣು ಕೊಡವದೆಯೇ ಬಂದು ಅವನ ಮುಖವನ್ನು ಹೊಟ್ಟೆಗೆ ಒತ್ತಿಕೊಂಡರು.

“ನೋಡಬೇಕೆಂದೇ ಇದ್ದೆ ಪುತಾ. ಕುತ್ತಿಗೆ ತಿರುಗುವುದಿಲ್ಲ. ನಾಲ್ಕಾರು ದಿನದಿಂದ ಮರದ ಹಾಗೆ ಹಿಡಿದುಕೊಂಡಿದೆ.”

ಜಗಲಿಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಚಕ್ರ ನಿಂತಿತು. ಲಿಗೋರಿ ಲಿಯೋನೆಲ್‌ನ ಮುಖ ನೋಡಿದರು, ಲಿಯೋನೆಲ್ ಬಾವಿಯ ಕಡೆ ನೋಡಿದ.

ಮರುದಿನ ಲಿಗೋರಿ ಹೆಂಡತಿಯ ದಿಂಬಿನಿಂದ ಹತ್ತಿ ತೆಗೆಯಲು ಹೋದರೆ ಆಗಲಿಲ್ಲ. ಕುತ್ತಿಗೆ ನೋವೆಂದು ಮ್ಯಾಗ್ಡಲಿನ್‌ಬಾಯಿ ಪೂಜೆಗೆ ಹೋಗದೆ ಎಣ್ಣೆ ಹಚ್ಚಿಸಿಕೊಂಡು ಅದೇ ದಿಂಬಿನ ಮೇಲೆ ಮಲಗಿದರು. ಮಲಗಿದಷ್ಟು ನೋವು, ನೋವಾದಷ್ಟು ಮಲಗುವುದು. ಸ್ಟ್ಯಾನಿಯ ದಿಂಬಿನಲ್ಲಿ ಉಳಿದದ್ದು ಎರಡೇ ಹಿಡಿ. ಅದನ್ನು ತೆಗೆಯುವುದಕ್ಕೂ ದಾರಿಯಿಲ್ಲ. ಇನ್ನು ನೆಚ್ಚಿಕೊಳ್ಳಲು ಉಳಿದದ್ದು ಪ್ರೆಸಿಲ್ಲಾ ಮಾಡಿಸುವ ವ್ಯಾಯಾಮ ಮಾತ್ರ.

ಕ್ರಿಸ್ಮಸ್ಸಿನ ವಾರ ಮೂರನೆಯ ಸಲ ಮಣಿಪಾಲಕ್ಕೆ ಹೋದರು. ಈ ಸಲ ಮ್ಯಾಗ್ಡಲಿನ್‌ಬಾಯಿಯೂ ಒಳಗೆ ಬರುತ್ತೇನೆಂದರು. ಡಾಕ್ಟರ್ ಮಧ್ವರಾಜರು ಸ್ಟ್ಯಾನಿಯನ್ನು ಮೇಜಿನ ಮೇಲೆ ಮಲಗಿಸಿ ಮೊಣಕಾಲಿನ ಅಡಿಗೆ ಕೈ ತೂರಿಸಹೋದರು. ಬೆರಳಿನ ತುದಿ ಮಾತ್ರ ಹೋಯಿತು. “ಒತ್ತು,” ಎಂದರು. ಸ್ಟ್ಯಾನಿ ಹಲ್ಲು ಕಚ್ಚಿ ಒತ್ತಿದ. ಬೆರಳು ಸಿಕ್ಕಿಬಿತ್ತು.

“ಪೂನಾಕ್ಕೆ ಬರೆಯುತ್ತೇನೆ,” ಎಂದರು ಡಾಕ್ಟರರು, ಬೆರಳನ್ನು ಬಿಡಿಸಿಕೊಳ್ಳುತ್ತ.

ಸ್ಟ್ಯಾನಿ ಸೂರು ನೋಡುತ್ತ ಮಲಗಿಯೇ ಇದ್ದ. ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ಮ್ಯಾಗ್ಡಲಿನ್‌ಬಾಯಿ ಶಿಲುಬೆಯ ಗುರುತು ಹಾಕಿಕೊಂಡು ಮುಂದೆ ಬಂದರು.

“ಡಾಕ್ಟರೇ, ಬೇಸರಿಸಬೇಡಿ. ನೀವು ದಿಂಬು ಬೇಡವೆಂದಿರಿ. ನಾನು ಒಂದು ದಿನವೂ ಬಿಡಲಿಲ್ಲ. ಆ ದಿಂಬಿನಿಂದಲೇ ಸರಿಯಾಯಿತು.”

ಡಾಕ್ಟರರ ಬಾಯಿ ತೆರೆಯಿತು. ಮ್ಯಾಗ್ಡಲಿನ್‌ಬಾಯಿಯ ಬೆನ್ನ ಹಿಂದೆ ಲಿಗೋರಿ ಎರಡೂ ಕೈ ಜೋಡಿಸಿ ನಿಂತಿದ್ದರು. ಡಾಕ್ಟರರು ಆ ಕೈಗಳನ್ನು ನೋಡಿ ಬಾಯಿ ಮುಚ್ಚಿದರು.

“ಇರಬಹುದಮ್ಮ,” ಎಂದರು.

“ಮತ್ತೆ ನನ್ನ ಈ ಕುತ್ತಿಗೆ?”

ಡಾಕ್ಟರರು ಮುಟ್ಟಿ ನೋಡಿದರು. “ನಿಮ್ಮ ತಲೆದಿಂಬು ಎಷ್ಟು ಎತ್ತರ?”

ಅವರು ಎರಡು ಕೈ ಅಗಲಿಸಿ ತೋರಿಸಿದರು. ತೋರಿಸಿದ ಮೇಲೆ ತಾವೇ ಆ ಅಂತರವನ್ನು ಅಚ್ಚರಿಯಿಂದ ನೋಡಿದರು.

“ಅದು ದಿಂಬಲ್ಲ, ಕಾರ್ಕಳದ ಗುಡ್ಡೆ. ಮನೆಗೆ ಹೋಗಿ ಅರ್ಧ ಹತ್ತಿ ತೆಗೆಯಿರಿ. ಎಲ್ಲ ಸರಿಯಾಗುತ್ತದೆ, ತಿಳಿಯಿತಲ್ಲ?”

“ನಾನು ತೆಗೆದುಕೊಡುತ್ತೇನೆ,” ಎಂದರು ಲಿಗೋರಿ, ಅವಸರವಾಗಿ.

“ನಿಮಗ್ಯಾಕೆ? ನನ್ನ ದಿಂಬು, ನನಗೆ ಕೈಯಿಲ್ಲವಾ?”

ಮನೆಯಲ್ಲಿ ಪ್ರೆಸಿಲ್ಲಾ ಕ್ರಿಸ್ಮಸ್ಸಿನ ಸಿಹಿತಿಂಡಿ ಕಿಡಿಯೊ ಮಾಡಲು ಹಿಟ್ಟು ನಾದಿ ಇಟ್ಟಿದ್ದಳು. ಸ್ಟ್ಯಾನಿಯನ್ನು ಅಡುಗೆಮನೆಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಎಲ್ಲರೂ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುತ್ತ ಕುಳಿತರು. ಮ್ಯಾಗ್ಡಲಿನ್‌ಬಾಯಿ ತಮ್ಮ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಚು ಹುಡುಕಿದರು. ಬೆರಳು ಒಂದು ಕಡೆ ನಿಂತಿತು. ಮೂರು ಹೊಲಿಗೆ ಹಿಂದಕ್ಕೆ. ಅವರು ಗಂಡನ ಕಡೆ ನೋಡಲಿಲ್ಲ. ನೂಲು ಕಿತ್ತು ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆದು ಮೂಸಿದರು.

ಲಾವಂಚ.

“ಸ್ಟ್ಯಾನಿಯ ದಿಂಬು ಕೊಡು,” ಎಂದರು ಪ್ರೆಸಿಲ್ಲಾಳಿಗೆ.

ಅವಳು ತಂದುಕೊಟ್ಟಳು. ಅದರಲ್ಲೂ ಮೂರು ಹೊಲಿಗೆ ಹಿಂದಕ್ಕೆ. ಎತ್ತಿ ಹಿಡಿದರೆ ಒಗೆದು ಹಾಕಿದ ಲಂಗೋಟಿಯ ಹಾಗೆ ಜೋತುಬಿತ್ತು.

“ಯಾಕೆ?” ಎಂದು ಕೇಳಿದರು.

ಪ್ರೆಸಿಲ್ಲಾಳ ಬಾಚಣಿಗೆ ನಿಂತಿತ್ತು. ಲಿಗೋರಿ ಹಿಟ್ಟಿನ ಉಂಡೆಯೊಂದನ್ನು ಹಿಸುಕಿ ಹಿಸುಕಿ ಕಾಗದ ಮಾಡಿದ್ದರು. ಕೊನೆಗೆ ಲಿಯೋನೆಲ್ ಬಾಯಿ ಬಿಟ್ಟ. ತನ್ನ ದನಿಯಲ್ಲಿ ಹೇಳಲು ಅವನಿಂದ ಆಗಲಿಲ್ಲ. ಹೊರಟದ್ದು ಡಾಕ್ಟರ್ ಮಧ್ವರಾಜರ ದನಿ, ಅವರದೇ ಮೂಗು, ಅವರದೇ ನಿಧಾನ:

“ಮಡಚಿದ ಮೊಣಕಾಲಿಗೆ ಯಾರೂ ಕಾಲು ಕಟ್ಟಲಾರರು. ದಿಂಬಿನಿಂದ ಕೀಲು ಹಿಡಿದುಕೊಂಡಿದೆ. ತಿಳಿಯಿತಲ್ಲ?”

“ಮೊದಲ ದಿನವೇ ಹೇಳಿದರಾ?”

“ಮೊದಲ ದಿನವೇ.” ಈ ಸಲ ಅವನದೇ ದನಿ.

ಮ್ಯಾಗ್ಡಲಿನ್‌ಬಾಯಿ ಮಂಚದ ಕಡೆ ತಿರುಗಿದರು. ಕುತ್ತಿಗೆ ಬಾರದ ಕಾರಣ ಇಡೀ ಮೈಯನ್ನೇ ತಿರುಗಿಸಬೇಕಾಯಿತು. “ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು ಮಾಯ್.”

“ದಿಂಬು ತೆಳ್ಳಗಾದ ಹಾಗೆ ನೋವು ಜಾಸ್ತಿಯಾಗಲಿಲ್ಲವಾ?”

“ಆಯಿತು. ನೀವು ಬಂದು ಹೆಬ್ಬೆರಳು ತುರಿಸುತ್ತಿದ್ದಿರಿ. ಕಳೆಯಿತು.”

ಅವರು ತಲೆ ತಗ್ಗಿಸಿದರು. ಎರಡು ದಿಂಬುಗಳು ತೊಡೆಯ ಮೇಲೆ: ಒಂದು ತುಂಬಿದ ಬಸುರಿಯಂತೆ, ಒಂದು ಬಾಣಂತಿಯಂತೆ. ಹೆಗಲು ನಡುಗತೊಡಗಿತು. ಬಂತು, ಎಂದುಕೊಂಡರು ಲಿಗೋರಿ. ಇಷ್ಟು ವಾರ ತಪ್ಪಿಸಿಕೊಂಡ ಗಾಡಿ ಈಗ ಬಂತು. ಅವರು ಎದ್ದು ಹತ್ತಿರ ಹೋದರು.

“ಮ್ಯಾಗ್ಡಲಿನ್, ನೀನು ಬೇಕೆಂದು ಮಾಡಿದ್ದಲ್ಲ...”

ಅವರು ಮುಖ ಎತ್ತಿದರು. ಕಣ್ಣು ತುಂಬ ನೀರು ಇತ್ತು. ಬಾಯಿ ಮಾತ್ರ ಬೇರೆಯೇ ಏನನ್ನೋ ಹಿಡಿದಿಟ್ಟುಕೊಂಡು ಸೋಲುತ್ತಿತ್ತು.

“ಮದುವೆಯಾದ ಮೇಲೆ,” ಎಂದರು, “ಮದುವೆಯಾದ ಮೇಲೆ ಇವತ್ತಿನವರೆಗೆ ನೀವು ನನಗೆ ಒಂದು ಎದುರುಮಾತು ಆಡಿದವರಲ್ಲ. ಆಡಿದ್ದು ಒಂದೇ ಸಲ. ಅದೂ ಸೂಜಿಯಲ್ಲಿ!”

“ತಪ್ಪಾಯಿತು.”

“ನಾನು ಕಾರ್ಕಳದವರನ್ನು ಕರೆದು ತೋರಿಸಿದೆ! ಕಾಲಿಗೆ ತೂಕ ಬಂದಿದೆ ಎಂದು ಪಾದ್ರಿಗಳಿಗೆ ಹೇಳಿದೆ! ಎರಡೆರಡು ಬಂಗುಡೆ...” ಮುಂದಿನ ಮಾತು ಹೊರಡಲಿಲ್ಲ. ಹೊರಟದ್ದು ನಗು. ಮೊದಲು ಸಣ್ಣಗೆ, ಮತ್ತೆ ತಡೆಯಿಲ್ಲದೆ. ಬೂರುಗದ ಹತ್ತಿ ಎದ್ದು ಹಿಟ್ಟಿನ ಮೇಲೆ, ಲಿಗೋರಿಯವರ ಮೀಸೆಯ ಮೇಲೆ ಕುಳಿತಿತು. ಪ್ರೆಸಿಲ್ಲಾ ನಕ್ಕಳು. ಗೋಡೆಯ ಕಡೆ ಮುಖ ಮಾಡದೆ ಸ್ಟ್ಯಾನಿ ನಕ್ಕ. ಲಿಯೋನೆಲ್ ಎರಡು ಗಾಡಿಗಳ ಸದ್ದನ್ನು ಒಟ್ಟಿಗೇ ಮಾಡಿದ. ಮೋಹಿನಿಬಾಯಿಯ ಹಸು ಮತ್ತೆ ಓಡಿತು.

ಮ್ಯಾಗ್ಡಲಿನ್‌ಬಾಯಿ ನಗುತ್ತ ತಲೆ ಹಿಂದಕ್ಕೆ ಎಸೆಯಹೋದರು. “ಅಯ್ಯೋ ದೇವಾ, ಕುತ್ತಿಗೆ!” ಎಂದು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು, ಹಾಗೆ ಹಿಡಿದುಕೊಂಡ ತಮ್ಮನ್ನು ತಾವೇ ಕಂಡವರಂತೆ ಇನ್ನೂ ಜೋರಾಗಿ ನಕ್ಕರು. ಉಳಿದವರೆಲ್ಲ ನಕ್ಕು ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೂ ಆ ಒಂದು ನಗು ರಸ್ತೆಯವರೆಗೆ ಕೇಳುತ್ತಿತ್ತು.